ವೆನಿಸ್ಸಿಗೆ ಹೋದ ಚಿತ್ರ ಮಲ್ಪೆಗೂ ಬರಲಿ

ಇಟಲಿ ದೇಶದ ವೆನಿಸ್ ಪಟ್ಟಣದಲ್ಲಿ ವರ್ಷವರ್ಷವೂ ನಡೆಯುವ ಚಿತ್ರೋತ್ಸವ ಲೋಕಪ್ರಸಿದ್ಧವಾದುದು. 2024ರ ಉತ್ಸವದಲ್ಲಿ ಅಲ್ಲಿ ಒಂದು ಹಳೆಯ ಕನ್ನಡ ಚಿತ್ರವನ್ನು ತೋರಿಸಿದರು. ಅದು 1977ರ ‘ಘಟಶ್ರಾದ್ಧ’. ಅಮೆರಿಕದ ಹೆಸರಾಂತ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆಯವರು ಸ್ಥಾಪಿಸಿದ ಸಂಸ್ಥೆಯೂ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ ಸೇರಿ ಆ ಚಿತ್ರವನ್ನು ಶುದ್ಧಗೊಳಿಸಿ ಹೊಸತರಂತೆ ಮಾಡಿದ್ದವು.

ಆ ಚಿತ್ರಕ್ಕೂ ನಮ್ಮ ಕರಾವಳಿಗೂ ನಂಟಿದೆ. ಅದನ್ನು ನಿರ್ದೇಶಿಸಿದ ಗಿರೀಶ ಕಾಸರವಳ್ಳಿಯವರು ತೀರ್ಥಹಳ್ಳಿ ತಾಲೂಕಿನವರಾದರೂ ಮಣಿಪಾಲದಲ್ಲಿ ಫಾರ್ಮಸಿ ಓದಿದವರು. ಮದ್ದು ಮಾಡುವ ವಿದ್ಯೆ ಕಲಿತು, ಅದನ್ನು ಬಿಟ್ಟು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು. ಚಿತ್ರದ ನಿರ್ಮಾಪಕರು ಸದಾನಂದ ಸುವರ್ಣರು. ಕಾಪುವಿನಿಂದ ತೆಂಕಣಕ್ಕೆ ಹೊರಟು ಹೆಜಮಾಡಿ ಕಳೆದು ಶಾಂಭವಿ ಹೊಳೆ ದಾಟಿದರೆ ಸಿಗುವ ಮೂಲ್ಕಿ ಅವರ ಊರು. ದುಡಿದದ್ದು ಮುಂಬಯಿಯಲ್ಲಿ, ಅಲ್ಲಿನ ಕನ್ನಡ ರಂಗಭೂಮಿಗಾಗಿ ಬಾಳು ಸವೆಸಿದವರು. 2024ರ ಜುಲೈಯಲ್ಲಿ ಅವರು ತೀರಿಕೊಂಡರು. ವೆನಿಸ್ಸಿನ ಪ್ರದರ್ಶನ ನಡೆದದ್ದು ಅದರ ಕೆಲವೇ ವಾರಗಳ ಅನಂತರ.

ಇದು ಸಂತೋಷದ ಸಂಗತಿ. ಆದರೆ ಸಂತೋಷದ ಜತೆಗೆ ಒಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ. ಈ ಪತ್ರಿಕೆಯನ್ನು ಓದುವ ನಿಮ್ಮಲ್ಲಿ ಎಷ್ಟು ಮಂದಿ ಆ ಚಿತ್ರವನ್ನು ನೋಡಿದ್ದೀರಿ? ಹೆಂಚಿನ ಕಾರ್ಖಾನೆಯವರು, ಅಕ್ಕಿ ಮಿಲ್ಲಿನವರು, ಗೇರುಬೀಜ ಕಾರ್ಖಾನೆಯ ಹೆಂಗಸರು, ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರು, ಕೈ ಎತ್ತಿ ಎಂದರೆ ಎಷ್ಟು ಕೈ ಮೇಲೇಳುತ್ತವೆ? ನಾನು ಮಾಸ್ತರಿಕೆ ಮಾಡಿದವನಾದ್ದರಿಂದ ಕೈ ಎತ್ತಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಸಭೆಗಳಿಗೆ ಹೋದಲ್ಲೆಲ್ಲ ಕೇಳಿ ನೋಡಿದ್ದೇನೆ. ಹೆಸರು ಕೇಳಿದವರಿದ್ದಾರೆ, ನೋಡಿದವರು ಒಬ್ಬಿಬ್ಬರು. ನಾನು ಮ್ಯಾಟ್ರಿಕ್‌ವರೆಗೆ ಓದಿದವನು, ಚಲನಚಿತ್ರದ ಶಾಸ್ತ್ರ ಬಲ್ಲವನಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಕಲೆಯ ವಿಮರ್ಶೆಯಲ್ಲ, ಒಂದು ಬಾಕಿಯ ಲೆಕ್ಕ.

ಬಾಕಿ ಎನ್ನುವುದೇಕೆ? ನಮ್ಮ ಸೀಮೆಯಿಂದ ಹೊರಟು ದೊಡ್ಡ ಹೆಸರು ಪಡೆದ ಚಿತ್ರಗಳ ಕಥೆ ಯಾರದೆಂದು ನೋಡಿದರೆ ತಿಳಿಯುತ್ತದೆ.

ಕೋಟದ ಶಿವರಾಮ ಕಾರಂತರಿಂದಲೇ ಹಿಡಿಯೋಣ. ಕನ್ನಡ ಸಿನೆಮಾಕ್ಕೆ ಮಾತು ಬರುವುದಕ್ಕೂ ಮೊದಲೇ, 1930ರ ಸುಮಾರಿಗೆ, ಅವರು ‘ಡೊಮಿಂಗೋ’ ಎಂಬ ಮೂಕಿಚಿತ್ರವನ್ನು ತಾವೇ ತೆಗೆದಿದ್ದರು. ಅದರ ವಿಷಯ ಅಸ್ಪೃಶ್ಯತೆ. ಅವರ ಕಾದಂಬರಿ ‘ಚೋಮನ ದುಡಿ’ಯನ್ನು ಬಂಟ್ವಾಳದ ಕಡೆಯ ಮಂಚಿಯಲ್ಲಿ ಹುಟ್ಟಿದ ಬಿ. ವಿ. ಕಾರಂತರು 1975ರಲ್ಲಿ ಚಿತ್ರ ಮಾಡಿದರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಬಂತು. ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರಿಗೆ ದೇಶದ ಶ್ರೇಷ್ಠ ನಟನೆಂಬ ಪ್ರಶಸ್ತಿ ಬಂತು. ಚೋಮ ಯಾರು? ಧಣಿಯ ಮೂಲದಾಳು. ಅವನ ಹಟ್ಟಿಯಲ್ಲಿ ಒಂದು ಜೋಡಿ ಎತ್ತಿದೆ. ಎದೆಯಲ್ಲಿ ಒಂದೇ ಆಸೆಯಿದೆ, ಗೇಣಿಗಾದರೂ ಒಂದು ತುಂಡು ಗದ್ದೆ ಸಿಕ್ಕಿ ಬೇಸಾಯಗಾರನೆನಿಸಿಕೊಳ್ಳಬೇಕು. ಅದು ಕೈಗೂಡುವುದಿಲ್ಲ. ಮಕ್ಕಳನ್ನು ಸಾಲ ನುಂಗುತ್ತದೆ, ಕಾಫಿ ತೋಟ ನುಂಗುತ್ತದೆ, ಹೊಳೆ ನುಂಗುತ್ತದೆ. ಉಳಿಯುವುದು ದುಡಿಯ ಸದ್ದು ಮಾತ್ರ. ಕೊನೆಗೆ ಅದೂ ನಿಲ್ಲುತ್ತದೆ.

ಚಿತ್ರ ಬಂದ ಕಾಲವನ್ನು ಗಮನಿಸಿರಿ. ಉಳುವವನೇ ಹೊಲದೊಡೆಯ ಎಂಬ ಭೂಸುಧಾರಣೆಯ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ನಮ್ಮ ಜಿಲ್ಲೆಯಲ್ಲಿ ಸಾವಿರಾರು ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದರು. ಅದು ಸಣ್ಣ ಮಾತಲ್ಲ. ಆದರೆ ಡಿಕ್ಲರೇಶನ್ ಕೊಡಬಲ್ಲವನು ಗೇಣಿದಾರ. ಚೋಮ ಗೇಣಿದಾರನಲ್ಲ, ಕೂಲಿಯಾಳು. ಅವನು ಆ ದಿನದವರೆಗೆ ಬದುಕಿದ್ದರೂ ಕೊಡುವುದಕ್ಕೆ ಅವನ ಕೈಯಲ್ಲಿ ಗೇಣಿ ಚೀಟಿ ಎಲ್ಲಿತ್ತು? ಪ್ರಶಸ್ತಿಯ ಮಂಡಳಿಯವರು ಆ ಚಿತ್ರದಲ್ಲಿ ಉತ್ತಮ ಕಲೆಯನ್ನು ಕಂಡರು, ಅದು ನಿಜವೇ. ಈ ಗೇಣಿ ಚೀಟಿಯ ವಿಚಾರವನ್ನು ಕಾಣಬಲ್ಲವರು ನಾವು ಮಾತ್ರ.

ಇದು ನನ್ನ ಊಹೆಯ ಮಾತಲ್ಲ. ಕಾರ್ಕಳದ ಕಡೆಯ ಒಂದು ಹಳ್ಳಿಯಲ್ಲಿ ಶಾಲೆಯ ಹಾಲಿಗೆ ಬಿಳಿ ಬಟ್ಟೆ ಕಟ್ಟಿ, ಎರವಲು ತಂದ ಪ್ರೊಜೆಕ್ಟರಿನಲ್ಲಿ ಈ ಚಿತ್ರವನ್ನು ತೋರಿಸಿದ್ದೆವು. ಅರುವತ್ತು ಎಪ್ಪತ್ತು ಮಂದಿ ಸೇರಿದ್ದರು. ಮುಗಿದ ಮೇಲೆ ಒಬ್ಬರು ಮುದುಕರು ಎದ್ದು ತುಳುವಿನಲ್ಲಿ ಹೇಳಿದರು: “ಮಾಸ್ಟ್ರೆ, ಚೋಮನಿಗೆ ಎತ್ತಿತ್ತು, ಗದ್ದೆ ಇರಲಿಲ್ಲ. ನಮಗೆ ಗದ್ದೆ ಬಂತು. ಈಗ ಎತ್ತೂ ಇಲ್ಲ, ಹೂಡುವವರೂ ಇಲ್ಲ. ಮಕ್ಕಳೆಲ್ಲ ಬೊಂಬಾಯಿಯಲ್ಲಿ. ಗದ್ದೆ ಹಡಿಲು ಬಿದ್ದಿದೆ.” ಹಿಂದಿನ ಬೆಂಚಿನಿಂದ ಗೇರುಬೀಜದ ಕಾರ್ಖಾನೆಗೆ ಹೋಗುವ ಒಬ್ಬ ಹೆಂಗಸು ಕುಳಿತಲ್ಲಿಂದಲೇ ಕೇಳಿದಳು: “ನಿಮಗೆ ಬಂತು ಅಣ್ಣೆರೆ, ಹಡಿಲು ಬಿಡುವಷ್ಟು ಬಂತು. ನಮಗೆ ಎಲ್ಲಿ ಬಂತು?” ಹಾಲು ಒಮ್ಮೆ ನಿಶ್ಶಬ್ದವಾಯಿತು. ಅನಂತರ ಹಿಡಿದ ಚರ್ಚೆ ರಾತ್ರಿ ಹನ್ನೊಂದರವರೆಗೆ ನಡೆಯಿತು. ನಾನು ಎಷ್ಟೋ ಸಭೆಗಳಲ್ಲಿ ಭೂಮಿಯ ಪ್ರಶ್ನೆಯ ಮೇಲೆ ಭಾಷಣ ಮಾಡಿದ್ದೇನೆ. ಆ ರಾತ್ರಿ ಆದ ಕೆಲಸ ನನ್ನ ಒಂದು ಭಾಷಣದಿಂದಲೂ ಆಗಿರಲಿಲ್ಲ.

ಭೂಮಿಯ ಕಥೆ ಅದಾದರೆ ಕಡಲಿನದು ಇನ್ನೊಂದು. ಕುಂದಾಪುರದಲ್ಲಿ ಹುಟ್ಟಿ ಮಣಿಪಾಲದಲ್ಲಿ ನೆಲೆಸಿದ ವೈದೇಹಿಯವರ ಕಥೆಯಿಂದ ಕಾಸರವಳ್ಳಿಯವರು 2008ರಲ್ಲಿ ‘ಗುಲಾಬಿ ಟಾಕೀಸ್’ ತೆಗೆದರು. ಗುಲಾಬಿಯಾದ ಉಮಾಶ್ರೀಯವರಿಗೆ ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿ ಬಂತು. ಮೀನುಗಾರರ ಊರಿನ ಸೂಲಗಿತ್ತಿ, ಗಂಡ ಬಿಟ್ಟ ಮುಸಲ್ಮಾನ ಹೆಂಗಸು, ಸಿನೆಮಾ ಎಂದರೆ ಪ್ರಾಣ. ಅವಳ ಮನೆಗೆ ಬಣ್ಣದ ಟಿ.ವಿ. ಬರುತ್ತದೆ, ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಅದೇ ಹೊತ್ತಿಗೆ ಕಡಲಿನಲ್ಲಿ ದೊಡ್ಡ ದೋಣಿಗೂ ಸಣ್ಣ ಬಲೆಗೂ ಜಗಳ ಬೆಳೆಯುತ್ತಿದೆ. ಕಾಲ 1999, ಕಾರ್ಗಿಲ್ ಯುದ್ಧದ ದಿನಗಳು. ಮೀನಿನ ಜಗಳ ನೋಡುನೋಡುತ್ತ ಮತದ ಜಗಳವಾಗುತ್ತದೆ. ಪೆಟ್ಟು ಬೀಳುವುದು ಎಲ್ಲರ ಮಕ್ಕಳನ್ನೂ ಕೈಯಲ್ಲಿ ಹಿಡಿದ ಆ ಸೂಲಗಿತ್ತಿಗೆ.

ಮಲ್ಪೆಯವರಿಗೆ, ಕಾಪುವಿನ ಕಡಲಬದಿಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆ ಬಂದ ಮೇಲೆ, ಹತ್ತಾರು ಮಂದಿ ಪಾಲುದಾರರಾಗಿ ದಡದಿಂದ ಎಳೆಯುತ್ತಿದ್ದ ರಂಪಣಿ ಮೂಲೆಗೆ ಬಿತ್ತು. ಹೊಟ್ಟೆಯ ಜಗಳವನ್ನು ಮತದ ಜಗಳವಾಗಿ ತಿರುಗಿಸುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಆ ಮೋಸ ಹೇಗೆ ನಡೆಯುತ್ತದೆಂದು ಎರಡು ಗಂಟೆಯಲ್ಲಿ ಕಣ್ಣೆದುರು ಇಡುವ ಚಿತ್ರ ನಮ್ಮಲ್ಲೇ ಇದೆ. ಅದನ್ನು ದೆಹಲಿಯವರು ಮೆಚ್ಚಿದರು. ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವಳು ನೋಡುವ ದಾರಿ ಯಾವುದು?

ಮೂರನೆಯದು ಎಲ್ಲರಿಗೂ ಗೊತ್ತಿದೆ. ಕುಂದಾಪುರದ ಕಡೆಯ ಕೆರಾಡಿಯವರಾದ ರಿಷಬ್ ಶೆಟ್ಟಿಯವರು ತಮ್ಮ ಊರಿನಲ್ಲೇ ತೆಗೆದ 2022ರ ‘ಕಾಂತಾರ’ ನೂರಾರು ಕೋಟಿ ಗಳಿಸಿತು, ಸಮುದ್ರ ದಾಟಿ ಹೋಯಿತು. ಅವರಿಗೆ ದೇಶದ ಶ್ರೇಷ್ಠ ನಟನ ಪ್ರಶಸ್ತಿಯೂ ಬಂತು. ಇದನ್ನು ಬಡವರೂ ನೋಡಿದರು, ಸಾಲ ಮಾಡಿ ನೋಡಿದರು. ಇಲ್ಲಿಯೂ ತಿರುಳು ಭೂಮಿಯೇ: ಅರಸ ಬಿಟ್ಟುಕೊಟ್ಟ ನೆಲ, ಅದನ್ನು ಮರಳಿ ಕೇಳುವ ಧಣಿ, ನಡುವೆ ಅರಣ್ಯ ಇಲಾಖೆಯ ಗಡಿಕಲ್ಲು. ತೆರೆಯ ಮೇಲೆ ದೈವ ನ್ಯಾಯ ತೀರಿಸುತ್ತದೆ. ತೆರೆಯ ಹೊರಗೆ ತಾಲೂಕು ಕಚೇರಿಯ ಪಹಣಿ ತೀರಿಸುತ್ತದೆ. ಇನ್ನೊಂದು ಮಾತು. ಚಿತ್ರ ಬಿಡುಗಡೆಯಾಗಿ ಒಂದು ತಿಂಗಳೊಳಗೆ ಸರಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಸಾರಿತು. ತಲೆಮಾರುಗಳಿಂದ ಗಗ್ಗರ ಕಟ್ಟಿ ಕುಣಿದವರು ಸರಕಾರದ ಕಣ್ಣಿಗೆ ಬೀಳಲು ಒಂದು ಸಿನೆಮಾ ಓಡಬೇಕಾಯಿತು! ತೆರೆಗೆ ಅಷ್ಟು ಬಲವಿದೆ ಎಂದಾದರೆ ಅದನ್ನು ಲಾಭದ ಲೆಕ್ಕಕ್ಕೆ ಮಾತ್ರ ಬಿಟ್ಟುಬಿಡುವುದು ಜಾಣತನವಲ್ಲ.

ಈ ಪ್ರತಿಭೆ ಬೆಳೆದದ್ದು ಯಾರ ಹಣದಲ್ಲಿ ಎಂಬುದನ್ನೂ ಕೇಳಿ. ಕಾಸರವಳ್ಳಿಯವರು ಕಲಿತ ಪುಣೆಯ ಸಂಸ್ಥೆ ಸರಕಾರದ್ದು. ಬಿ. ವಿ. ಕಾರಂತರು ಕಲಿತ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯೂ ಸರಕಾರದ್ದು. ಕನ್ನಡ ಚಿತ್ರಗಳಿಗೆ ರಾಜ್ಯ ಸರಕಾರ ಸಹಾಯಧನ ಕೊಡುತ್ತ ಬಂದಿದೆ. ಈ ಹಣ ಎಲ್ಲಿಯದು? ಬೀಡಿಯ ಮೇಲಿನ ತೆರಿಗೆಯಿಂದ, ಅಂಗಡಿಯವನು ಕಟ್ಟುವ ತೆರಿಗೆಯಿಂದ, ಬೆಂಕಿಪೆಟ್ಟಿಗೆಯಿಂದ ಬಂದದ್ದು. ಬೀಜಕ್ಕೆ ಹಣ ಕೊಟ್ಟವರಿಗೆ ಬೆಳೆಯಲ್ಲಿ ಪಾಲಿಲ್ಲ ಎಂಬುದು ಯಾವ ನ್ಯಾಯ?

ಥಿಯೇಟರಿಗೆ ಹೋಗಿ ನೋಡಿ ಎನ್ನಬಹುದು. ರಾಜ್ಯ ಸರಕಾರ 2025ರ ಮಾರ್ಚಿಯ ಬಜೆಟ್ಟಿನಲ್ಲಿ ಟಿಕೇಟಿಗೆ 200 ರೂಪಾಯಿಯ ಮಿತಿ ಹಾಕುವುದಾಗಿ ಹೇಳಿತು. ಸೆಪ್ಟೆಂಬರಿನಲ್ಲಿ ನಿಯಮವೂ ಹೊರಟಿತು. ದೊಡ್ಡ ಚಿತ್ರಮಂದಿರಗಳವರು ಕೋರ್ಟಿಗೆ ಹೋದರು, ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆ ಮಿತಿಯೇ ನಿಂತಿದ್ದರೂ ಗಂಡ ಹೆಂಡತಿ ಇಬ್ಬರು ಮಕ್ಕಳಿಗೆ 800 ರೂಪಾಯಿ. ಸೊಂಟ ಬಗ್ಗಿಸಿ ಸಾವಿರ ಬೀಡಿ ಕಟ್ಟಿದರೂ ಅಷ್ಟು ಮಜೂರಿ ಹುಟ್ಟುವುದಿಲ್ಲ. ಅಷ್ಟು ಕೊಟ್ಟು ಹೋದರೂ ಅಲ್ಲಿ ‘ಚೋಮನ ದುಡಿ’ ಇರುವುದಿಲ್ಲ.

“ಅವೆಲ್ಲ ನಿಧಾನದ ಚಿತ್ರಗಳು, ಕೂಲಿಯವರಿಗೆ ನಿದ್ದೆ ಬರುತ್ತದೆ” ಎಂದು ಓದಿದ ಗೆಳೆಯರೊಬ್ಬರು ನನಗೆ ಹೇಳಿದರು. ರಾತ್ರಿಯಿಡೀ ಕುಳಿತು ತಾಳಮದ್ದಳೆಯ ವಾದ ಕೇಳುವ ಜನಕ್ಕೆ ಈ ಮಾತು ಹೇಳುವುದೆ? ಘಟ್ಟದ ಮೇಲಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ, ಹೊರದೇಶಗಳ ಶ್ರೇಷ್ಠ ಚಿತ್ರಗಳನ್ನು ಅಡಿಕೆ ಸುಲಿಯುವವರ ಮುಂದೆ ಇಟ್ಟಿತು. ಅವರು ನೋಡಿದರು, ಚರ್ಚಿಸಿದರು. ಹೆಗ್ಗೋಡಿನಲ್ಲಿ ಆದದ್ದು ಉಡುಪಿಯಲ್ಲಿ ಆಗದೆ?

ಹೊಸ ದಾರಿ ಹುಡುಕಬೇಕಾಗಿಯೂ ಇಲ್ಲ. ನಮ್ಮ ಬಯಲಾಟವೇ ದಾರಿ. ಹರಕೆಯಾಟದ ಖರ್ಚನ್ನು ಒಂದು ಮನೆಯವರು ಹೊರುತ್ತಾರೆ, ಆಟವನ್ನು ಇಡೀ ಊರು ನೋಡುತ್ತದೆ. ಅಲ್ಲಿ ಟಿಕೇಟಿಲ್ಲ. ಸಿನೆಮಾವನ್ನೂ ಹಾಗೆ ತರೋಣ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ 61 ದಿನ ಕಡಲಿಗಿಳಿಯಲು ನಿಷೇಧವಿದೆ. ಮೀನುಗಾರರು ದಡದಲ್ಲಿರುವ ಆ ಎರಡು ತಿಂಗಳು ಮಲ್ಪೆ, ಕಾಪು ಕಡೆ ಶಾಲೆಯ ಹಾಲುಗಳಲ್ಲಿ ತೋರಿಸೋಣ. ದೀಪಾವಳಿ ಕಳೆದು ಗದ್ದೆ ಒಣಗಿದ ಮೇಲೆ ಕಾರ್ಕಳ, ಹೆಬ್ರಿ ಕಡೆ ಬಯಲಿನಲ್ಲೇ ಪರದೆ ಕಟ್ಟೋಣ. ಹಕ್ಕುದಾರರ ಅನುಮತಿ ಪಡೆದು, ಕೊಡತಕ್ಕದ್ದನ್ನು ಕೊಟ್ಟೇ ಮಾಡೋಣ. ಕಲಾವಿದನ ದುಡಿಮೆಯನ್ನು ಪುಕ್ಕಟೆ ತಿನ್ನುವುದು ನಮಗೆ ಸಲ್ಲದು. ಸಂಘವೊಂದು ಸದಸ್ಯನಿಂದ ಹತ್ತು ರೂಪಾಯಿ ಎತ್ತಿದರೆ, ಪೇಟೆಯ ಅಂಗಡಿಯವರು ಪ್ರೊಜೆಕ್ಟರಿನ ಬಾಡಿಗೆ ಹೊತ್ತರೆ, ಒಂದು ಆಟ ಆಯಿತು.

ಸರಕಾರದಿಂದಲೂ ಒಂದನ್ನು ಕೇಳಬೇಕು. 2009ರಲ್ಲಿ ಸ್ಥಾಪನೆಯಾದ ಚಲನಚಿತ್ರ ಅಕಾಡೆಮಿ ಬೆಂಗಳೂರಿನ ಅಂತಾರಾಷ್ಟ್ರೀಯ ಉತ್ಸವದ ಭಾರ ಹೊತ್ತಿದೆ. ಆಗಲಿ. ಆದರೆ ಸಾರ್ವಜನಿಕರ ಹಣದಿಂದ ಸಹಾಯಧನ ಪಡೆದ ಪ್ರತಿ ಚಿತ್ರವೂ ಪ್ರತಿ ತಾಲೂಕಿನಲ್ಲಿ ಒಮ್ಮೆಯಾದರೂ ಉಚಿತವಾಗಿ ಪ್ರದರ್ಶನವಾಗಬೇಕೆಂದು ನಿಯಮ ಮಾಡಲಿ. ಇದು ಭಿಕ್ಷೆಯಲ್ಲ, ಪಾಲು.

ದೀಪದ ಬುಡ ಕತ್ತಲೆ ಎಂದು ಹಿರಿಯರು ಹೇಳಿದ್ದಾರೆ. ದೀಪ ಉರಿಯುತ್ತಿದೆ, ಅದರ ಬೆಳಕು ವೆನಿಸ್ಸಿನವರೆಗೆ ಮುಟ್ಟಿತು. ಇನ್ನು ಬುಡಕ್ಕೂ ಬೆಳಕು ಬೀಳುವಂತೆ ಮಾಡುವುದು ನಮ್ಮ ಕೆಲಸ. ಬರುವ ಮಳೆಗಾಲದ ಮೊದಲ ಆಟಕ್ಕೆ ‘ಗುಲಾಬಿ ಟಾಕೀಸ್’ ತರಬೇಕೆಂದು ನನ್ನ ಸೂಚನೆ. ಯಾವ ಸಂಘ, ಯಾವ ಊರು ಮುಂದೆ ಬರುತ್ತದೆ? ಕೈ ಎತ್ತಿರಿ.