ಮುದುಕರಿಗೆ ಓಡಾಟವೇಕೆ?

ಬ್ರಿಟನ್ನಿನ ಸಾಮಾಜಿಕ ಭದ್ರತೆಯ ಕಾನೂನಿಗೆ ಒಂದು ವಿಚಿತ್ರ ನಂಬಿಕೆಯಿದೆ. 65ರಲ್ಲಿ ಕಾಲು ಸೋತರೆ ಅದು ಅಂಗವೈಕಲ್ಯ, 66 ತುಂಬಿದ ಮೇಲೆ ಸೋತರೆ ಅದು ಬರೀ ಮುಪ್ಪು. ಹೀಗೆಂದು ಅದು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಹಣ ಹಂಚುವ ರೀತಿಯನ್ನು ನೋಡಿದರೆ ಬೇರೆ ಅರ್ಥ ಹೊರಡುವುದಿಲ್ಲ.

ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಪಾರ್ಕಿನ್ಸನ್ ಕಾಯಿಲೆ, ಇಬ್ಬರೂ ಇಪ್ಪತ್ತು ಮೀಟರ್ ದಾಟಿ ನಡೆಯಲಾರರು. ಒಬ್ಬರು ಸರ್ಕಾರಿ ಪಿಂಚಣಿಯ ವಯಸ್ಸು ಮುಟ್ಟುವ ಮೊದಲೇ ‘ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್’ಗೆ ಅರ್ಜಿ ಹಾಕಿದರು, ಅಲ್ಲಿನವರ ಬಾಯಲ್ಲಿ ಅದು ‘ಪಿಪ್’. ಇನ್ನೊಬ್ಬರು ಮಾನವಂತರು, ಸರ್ಕಾರದೆದುರು ಕೈಯೊಡ್ಡುವುದೇಕೆಂದು ಸುಮ್ಮನಿದ್ದು, ತೀರಾ ಆಗದೆಹೋದಾಗ 67ರಲ್ಲಿ ಅರ್ಜಿ ಹಾಕಿದರು. ಅವರಿಗೆ ಪಿಪ್ ಇಲ್ಲ, ‘ಅಟೆಂಡೆನ್ಸ್ ಅಲೊವೆನ್ಸ್’ ಮಾತ್ರ. ಪಿಪ್‌ಗೆ ಮೂರು ತಿಂಗಳಿಂದ ತೊಂದರೆಯಿದ್ದು, ಅದು ಮುಂದಿನ ಒಂಬತ್ತು ತಿಂಗಳೂ ಇರುವಂತಿದ್ದರೆ ಸಾಕು. ಅಟೆಂಡೆನ್ಸ್ ಅಲೊವೆನ್ಸ್‌ಗೆ ಆರು ತಿಂಗಳಿಂದ ನೆರವು ಬೇಕಾಗಿರಬೇಕು. ಅದಾದರೂ ಸಹಿಸಬಹುದಾದ ವ್ಯತ್ಯಾಸ. ಪಿಪ್‌ನಲ್ಲಿ ಎರಡು ಪಾಲು, ದಿನನಿತ್ಯದ ಬದುಕಿಗೊಂದು, ಓಡಾಟಕ್ಕೊಂದು. ಅಟೆಂಡೆನ್ಸ್ ಅಲೊವೆನ್ಸ್‌ನಲ್ಲಿ ಓಡಾಟದ ಪಾಲು ಇಲ್ಲವೇ ಇಲ್ಲ.

2025-26ರ ದರವನ್ನೇ ನೋಡಿ. ಸ್ನಾನ, ಊಟ, ಬಟ್ಟೆ ತೊಡುವುದು ಇಂಥ ನೆರವಿಗೆ ಎರಡೂ ಯೋಜನೆಗಳಲ್ಲಿ ವಾರಕ್ಕೆ 73.90 ಅಥವಾ 110.40 ಪೌಂಡ್. ಪೆನ್ಸ್ ಲೆಕ್ಕದಲ್ಲೂ ವ್ಯತ್ಯಾಸವಿಲ್ಲ. ಪಿಪ್‌ನ ಓಡಾಟದ ಹೆಚ್ಚಿನ ದರ 77.05 ಪೌಂಡ್, ವರ್ಷಕ್ಕೆ ನಾಲ್ಕು ಸಾವಿರ ದಾಟುತ್ತದೆ. ಈ ದರ ಇದ್ದವರು ಅದನ್ನೇ ಕೊಟ್ಟು ಮೋಟಬಿಲಿಟಿ ಯೋಜನೆಯಲ್ಲಿ ಬಾಡಿಗೆಗೆ ಕಾರು ಪಡೆಯಬಹುದು. ಅಂದರೆ ಮನೆಯೊಳಗಿನ ಮುದುಕರನ್ನು ಸರ್ಕಾರ ಬೇರೆಯವರಂತೆಯೇ ನೋಡಿಕೊಳ್ಳುತ್ತದೆ. ಹೊಸ್ತಿಲು ದಾಟುತ್ತೇನೆ ಎಂದಾಗ ಮಾತ್ರ ಅವರ ಜನ್ಮದಿನಾಂಕ ಕೇಳುತ್ತದೆ.

ಪಿಂಚಣಿ ಶುರುವಾದರೆ ಪಿಪ್ ನಿಂತುಹೋಗುತ್ತದೆಂಬ ಹೆದರಿಕೆ ಹಲವರಲ್ಲಿದೆ. ಅದು ನಿಜವಲ್ಲ, ಮೊದಲೇ ಪಡೆದವರಿಗೆ ಮುಂದುವರಿಯುತ್ತದೆ. ಸಿಕ್ಕು ಇರುವುದು ಬೇರೆಡೆ. ಐವತ್ತು ಮೀಟರ್‌ವರೆಗೆ ಹೇಗೋ ನಡೆಯುತ್ತಾರೆಂದು ಓಡಾಟದ ಸಾಮಾನ್ಯ ದರ, 2025-26ರಲ್ಲಿ 29.20 ಪೌಂಡ್, ಪಡೆದವರು ಎಪ್ಪತ್ತರಲ್ಲಿ ಹತ್ತು ಮೀಟರಿಗೇ ಕುಸಿದರೂ ಆ ದರ ಏರುವುದಿಲ್ಲ. ದಿನನಿತ್ಯದ ಪಾಲು ಏರಬಹುದು, ಇದು ಮಾತ್ರ ಇಲ್ಲ. ಮರುಪರಿಶೀಲನೆಯಲ್ಲಿ ಇಳಿಸುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲವೆಂಬುದನ್ನು ಗಮನಿಸಿ.

ಇದರ ಬೇರು 1970ರ ದಶಕದಲ್ಲಿದೆ. ಅದಕ್ಕೂ ಮೊದಲು ನಡೆಯಲಾಗದವರಿಗೆ ಸರ್ಕಾರ ಒಬ್ಬರೇ ಕೂರುವ ತಿಳಿನೀಲಿ ಮೂರುಚಕ್ರದ ಬಂಡಿ ಕೊಡುತ್ತಿತ್ತು. ಪಕ್ಕದಲ್ಲಿ ಹೆಂಡತಿಗಾಗಲಿ ಮಗುವಿಗಾಗಲಿ ಜಾಗವಿರಲಿಲ್ಲ. 1976ರಲ್ಲಿ ಬಂಡಿಯ ಬದಲು ‘ಮೊಬಿಲಿಟಿ ಅಲೊವೆನ್ಸ್’ ಎಂಬ ನಗದು ಬಂತು, ಮರುವರ್ಷ ಮೋಟಬಿಲಿಟಿ. ವಯಸ್ಸಿನ ಮಿತಿಯೂ ಆ ನಗದಿನ ಜೊತೆಗೇ ಬಂತು. 1992ರಲ್ಲಿ ಯೋಜನೆಗಳನ್ನು ಬೆಸೆದು ‘ಡಿಸೆಬಿಲಿಟಿ ಲಿವಿಂಗ್ ಅಲೊವೆನ್ಸ್’ ಮಾಡಿದಾಗಲೂ 65ರ ಗೆರೆ ಉಳಿಯಿತು. 2013ರಲ್ಲಿ ಪಿಪ್ ಬಂದಾಗ ಅದು ಪಿಂಚಣಿ ವಯಸ್ಸಿಗೆ ಅಂಟಿಕೊಂಡಿತು. ಖರ್ಚು ಒಂದು ಕಾರಣ, ಮುಪ್ಪಿನಲ್ಲಿ ಮಂಡಿ ಸೋಲುವವರ ಸಂಖ್ಯೆ ದೊಡ್ಡದು. ಆದರೆ ಅದರಡಿಯಲ್ಲಿ ಇನ್ನೊಂದು ಎಣಿಕೆಯೂ ಇದೆಯೆಂದು ನನಗೆ ಅನಿಸುತ್ತದೆ. ಓಡಾಟ ಎಂದರೆ ಕೆಲಸಕ್ಕೆ ಹೋಗುವುದು. ಕೆಲಸ ಮುಗಿದವರು ಎಲ್ಲಿಗೆ ಹೋಗಬೇಕು? ಗೆಳೆಯರ ಮನೆಗೆ, ಮೊಮ್ಮಗಳ ಶಾಲೆಯ ನಾಟಕಕ್ಕೆ, ಸುಮ್ಮನೆ ಸಮುದ್ರ ನೋಡಲಿಕ್ಕೆ ಎಂಬ ಉತ್ತರಗಳಿಗೆ ಆ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ.

ಗೆರೆಯಾದರೂ ಒಂದೆಡೆ ನಿಂತಿದೆಯೇ? ಹೆಂಗಸರಿಗೆ 60, ಗಂಡಸರಿಗೆ 65 ಇದ್ದ ಪಿಂಚಣಿ ವಯಸ್ಸು 2018ರ ಕೊನೆಗೆ ಸಮವಾಗಿ, 2020ರಲ್ಲಿ ಇಬ್ಬರಿಗೂ 66 ಆಯಿತು. 2026ರಿಂದ 2028ರ ನಡುವೆ 67ಕ್ಕೆ ಏರಬೇಕೆಂದು ಕಾನೂನಿದೆ. ಪಿಂಚಣಿ ತಡವಾಯಿತೆಂದು ಜನ ಗೊಣಗುವುದು ಸಹಜ, ಆದರೆ ಕಾಯಿಲೆಯವರಿಗೆ ಪಿಪ್ ಕೇಳಲು ಒಂದು ವರ್ಷ ಹೆಚ್ಚು ಸಿಗುತ್ತದೆ. ದುಡಿಯಲಾಗದವರಿಗೆ ಸಿಗುವ ಇತರ ನೆರವು ಗೆರೆಯ ಬಳಿ ನಿಲ್ಲುತ್ತದೆ, ಅದರ ಜಾಗಕ್ಕೆ ಪಿಂಚಣಿ ಬರುತ್ತದೆ, ಸಾಲದವರಿಗೆ ‘ಪೆನ್ಷನ್ ಕ್ರೆಡಿಟ್’. ಆರೈಕೆ ಮಾಡುವ ಹೆಂಡತಿಯ ‘ಕೇರರ್ಸ್ ಅಲೊವೆನ್ಸ್’ ಮಾತ್ರ ಆಕೆಗೆ ಪೂರ್ಣ ಪಿಂಚಣಿ ಬಂದೊಡನೆ ಕಾಗದದ ಮೇಲಿನ ಹಕ್ಕಾಗಿಬಿಡುತ್ತದೆ. ಆರೈಕೆಯ ಕೆಲಸವೇನೂ ಕಡಿಮೆಯಾಗಿರುವುದಿಲ್ಲ.

ವೈದ್ಯರಾಗಿ ಅಲ್ಲಿಗೆ ಹೋಗಿ ಈಗ ಮುಪ್ಪಿನಲ್ಲಿರುವ ಕನ್ನಡಿಗರಿಗೂ ಇದು ಸಂಬಂಧಪಟ್ಟದ್ದೇ. ಮೈಸೂರಿಗೆ ಮರಳಿ ನೆಲೆಸಿದರೆ ಪಿಪ್ ನಿಲ್ಲುತ್ತದೆ. ಸರ್ಕಾರಿ ಪಿಂಚಣಿ ಬರುತ್ತದೆ, ಆದರೆ ಭಾರತದಲ್ಲಿರುವವರಿಗೆ ಅದರ ವಾರ್ಷಿಕ ಏರಿಕೆ ಇಲ್ಲ.

ಸ್ಕಾಟ್ಲೆಂಡ್ 2025ರ ಏಪ್ರಿಲ್‌ನಲ್ಲಿ ಅಟೆಂಡೆನ್ಸ್ ಅಲೊವೆನ್ಸ್ ಬದಲಿಗೆ ತನ್ನದೇ ‘ಪೆನ್ಷನ್ ಏಜ್ ಡಿಸೆಬಿಲಿಟಿ ಪೇಮೆಂಟ್’ ಅನ್ನು ನಾಡಿಡೀ ಜಾರಿಗೆ ತಂದಿತು. ಅದರಲ್ಲಿಯೂ ಓಡಾಟದ ಪಾಲಿಲ್ಲ. ಉಳಿದ ಬ್ರಿಟನ್ನಿನಲ್ಲಿ 65 ದಾಟಿದವರಿಗೆ ಬುದ್ಧಿ ಹೇಳುವವರು ಹೇಳುವುದು ಇಷ್ಟೇ: ಪಿಂಚಣಿಯ ವಯಸ್ಸು ಮುಟ್ಟುವ ಮೊದಲು ಪಿಪ್‌ಗೆ ಫೋನ್ ಮಾಡಿ. ಅರ್ಜಿ ನಮೂನೆ ಆಮೇಲೆ ಬರುತ್ತದೆ. ಅದನ್ನು ಒಂದು ತಿಂಗಳೊಳಗೆ ತುಂಬಿ ಕಳುಹಿಸಿದರೆ ಫೋನ್ ಮಾಡಿದ ದಿನವೇ ಅರ್ಜಿಯ ದಿನವೆಂದು ಲೆಕ್ಕ.