ವಿಮ್ ಕಲಿಸುವ ಕಡತ ಕನ್ನಡದಲ್ಲಿ ಬರಲಿ

ಹಳಿಯಾಳದಲ್ಲಿ 2004ರಿಂದ ಎಂಜಿನಿಯರಿಂಗ್ ಕಾಲೇಜಿದೆ. ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆಯಿಂದ ಬರುವ ಅನೇಕ ಮಕ್ಕಳು ಹತ್ತನೆಯ ತರಗತಿವರೆಗೆ ಕನ್ನಡದಲ್ಲೋ ಮರಾಠಿಯಲ್ಲೋ ಓದಿದವರು. ಮನೆಯಲ್ಲಿ ಕೊಂಕಣಿ, ಉರ್ದು ಆಡುವವರೂ ಪೇಟೆಗೆ ಬಂದರೆ ಕನ್ನಡದಲ್ಲಿ ವ್ಯವಹರಿಸುತ್ತಾರೆ. ಇಂಥ ಮಕ್ಕಳಲ್ಲಿ ಕಂಪ್ಯೂಟರ್ ವಿಜ್ಞಾನ ಆರಿಸಿಕೊಂಡವರಿಗೆ ಟರ್ಮಿನಲ್‌ನ ಕಪ್ಪು ಪರದೆ ಮೊದಲ ಸಲ ಎದುರಾಗುವುದು ಪ್ರಯೋಗಾಲಯದಲ್ಲಿ. ಅದರೊಳಗಿನ ಎಡಿಟರ್ ಅವರಿಗೆ ಪರೀಕ್ಷೆಯ ಐದು ಅಂಕದ ಪ್ರಶ್ನೆಯಾಗಿ ಬಂದು ಹಾಗೆಯೇ ಹೋಗಿಬಿಡುತ್ತದೆ. ಒಳಸೇರಲು ಐ, ಹೊರಬರಲು ಎಸ್ಕೇಪ್, ಉಳಿಸಿ ಮುಚ್ಚಲು ಕೋಲನ್ ಡಬ್ಲ್ಯೂ ಕ್ಯೂ ಎಂದು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಮರೆಯುತ್ತಾರೆ. ಇದು ನನಗೆ ಬಹಳ ನೋವಿನ ಸಂಗತಿ. ವಿಮ್‌ನಂಥ ಎಡಿಟರನ್ನು ಮೊದಲ ವರ್ಷದಲ್ಲೇ, ನಿಧಾನವಾಗಿ, ಕನ್ನಡದಲ್ಲಿ ಕಲಿಸಬೇಕು. ಅದಕ್ಕೆ ಬೇಕಾದ ಪಾಠದ ಕಡತವನ್ನು ಕನ್ನಡದಲ್ಲಿ ಹೊಸದಾಗಿ ಬರೆಯಬೇಕು.

ನಾನು ಹಳಿಯಾಳದ ಮನೆಯಲ್ಲೇ ಕುಳಿತು ದೂರದ ಸರ್ವರ್‌ಗಳನ್ನು ನೋಡಿಕೊಳ್ಳುವವಳು, ಮನೆಗೆ ಬರುವ ಮಕ್ಕಳಿಗೆ ವಿಮ್ ಹೇಳಿಕೊಡುವವಳು. ದಿನದ ಬಹುಪಾಲು ಕೆಲಸ ಟರ್ಮಿನಲ್‌ನಲ್ಲಿ. ಬೆಂಗಳೂರು ಬಿಟ್ಟು ಇಲ್ಲಿಗೆ ಬಂದ ಮೇಲೆ ಆ ಕಪ್ಪು ಪರದೆಯ ಬೆಲೆ ಇನ್ನಷ್ಟು ತಿಳಿಯಿತು. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಮಳೆ. ಗಾಳಿಗೆ ಎಲ್ಲೋ ಮರ ಬಿದ್ದರೆ ಕರೆಂಟ್ ಇಲ್ಲ, ಜೋಯಿಡಾದ ಕಾಡಿನೊಳಗಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದೇ ಗುಡ್ಡದ ಮೇಲೆ. ಚಿತ್ರ, ಮೆನು, ಬಣ್ಣದ ಗುಂಡಿಗಳನ್ನೆಲ್ಲ ಹೊತ್ತು ಬರುವ ದೊಡ್ಡ ತಂತ್ರಾಂಶ ಅಲ್ಲಿ ಏದುಸಿರು ಬಿಡುತ್ತದೆ. ಟರ್ಮಿನಲ್‌ನಲ್ಲಿ ಹೋಗಿ ಬರುವುದು ಅಕ್ಷರ ಮಾತ್ರ. ತೆಳ್ಳನೆಯ ಸಂಪರ್ಕವಿದ್ದರೂ ಕೆಲಸ ಸಾಗುತ್ತದೆ, ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪ್ ಸಾಕು.

ಕರೆಂಟ್ ಹೋದಾಗ ಏನಾಗುತ್ತದೆ ಎಂಬುದನ್ನು ಪ್ರತಿ ವಿದ್ಯಾರ್ಥಿಗೂ ಮೊದಲ ದಿನವೇ ತೋರಿಸಬೇಕು. ವಿಮ್ ನೀವು ತೆರೆದ ಕಡತದ ಪಕ್ಕದಲ್ಲೇ ಸ್ವಾಪ್ ಕಡತ ಎಂಬ ಇನ್ನೊಂದನ್ನು ಇಟ್ಟುಕೊಳ್ಳುತ್ತದೆ. 200 ಅಕ್ಷರ ಟೈಪ್ ಮಾಡಿದ ಮೇಲೆ, ಅಥವಾ ಕೈ ನಿಂತು 4 ಸೆಕೆಂಡ್ ಆದ ಮೇಲೆ, ಬದಲಾದದ್ದನ್ನು ಅದರೊಳಗೆ ಬರೆದಿಡುತ್ತದೆ. ಯಂತ್ರ ತಟ್ಟನೆ ಆರಿ, ಮತ್ತೆ ಹೊತ್ತಿ, ಅದೇ ಕಡತ ತೆರೆದರೆ ಹಿಂದಿನದನ್ನು ಮರಳಿ ಪಡೆಯುತ್ತೀರಾ ಎಂದು ಕೇಳುತ್ತದೆ. ಆರ್ ಒತ್ತಿದರೆ ಬರೆದದ್ದು ಹೆಚ್ಚುಕಡಿಮೆ ಎಲ್ಲವೂ ಸಿಗುತ್ತದೆ. ಇದರ ಜತೆಗೆ ಸೆಟ್ ಅನ್‌ಡೂಫೈಲ್ ಎಂಬ ಒಂದು ಸಾಲನ್ನು ಸೆಟ್ಟಿಂಗ್ ಕಡತದಲ್ಲಿ ಹಾಕಿಕೊಂಡರೆ, ಕಡತ ಮುಚ್ಚಿ ಮರುದಿನ ತೆರೆದರೂ ನಿನ್ನೆಯ ತಿದ್ದುಪಡಿಗಳನ್ನು ಒಂದೊಂದಾಗಿ ಹಿಂದೆ ತೆಗೆಯಬಹುದು. 2010ರಲ್ಲಿ ಬಂದ 7.3ನೇ ಆವೃತ್ತಿಯಿಂದ ಈ ಸೌಲಭ್ಯವಿದೆ. ನಮ್ಮ ಕಡೆಯ ಮಳೆಗಾಲಕ್ಕೆ ಹೇಳಿ ಮಾಡಿಸಿದ ಗುಣಗಳಿವು. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಇವು ಬಂದದ್ದನ್ನು ಮಾತ್ರ ನಾನು ಕಂಡಿಲ್ಲ.

ಈ ಎಡಿಟರಿನ ಹಿಂದಿನ ಕತೆಯನ್ನೂ ಮಕ್ಕಳಿಗೆ ಹೇಳಬೇಕು, ಏಕೆಂದರೆ ಕತೆ ಗೊತ್ತಾದರೆ ಆಜ್ಞೆಗಳು ವಿಚಿತ್ರ ಎನಿಸುವುದಿಲ್ಲ. 1976ರ ಹೊತ್ತಿಗೆ ಬರ್ಕ್ಲಿಯಲ್ಲಿ ಬಿಲ್ ಜಾಯ್ ವಿಮ್‌ಗೆ ಮೂಲವಾದ ವಿಐ ಎಡಿಟರ್ ಬರೆದಾಗ ಅವರ ಮುಂದಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್. ಅದರಲ್ಲಿ ಬಾಣದ ಗುರುತುಗಳಿಗೆ ಬೇರೆ ಕೀಲಿಗಳೇ ಇರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅವನ್ನು ಅಚ್ಚು ಹಾಕಿದ್ದರು. ಕರ್ಸರ್ ಓಡಿಸಲು ಇಂದಿಗೂ ಆ ನಾಲ್ಕು ಅಕ್ಷರಗಳೇ ಬಳಕೆಯಲ್ಲಿರುವುದು ಅದರಿಂದ. ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ 1991ರಲ್ಲಿ ವಿಮ್ ಹೊರತಂದರು, 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬೆಳೆಸಿದರು. ಕಡತವಿಲ್ಲದೆ ಬರಿದೇ ವಿಮ್ ತೆರೆದರೆ ಅನೇಕ ಸಲ ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು ಕಾಣುತ್ತದೆ. ಅಲ್ಲಿನ ಕಿಬಾಲೆ ಎಂಬಲ್ಲಿ ಬ್ರಾಮ್ ನೀರು, ನೈರ್ಮಲ್ಯದ ಎಂಜಿನಿಯರಾಗಿ ದುಡಿದಿದ್ದರು. ತಂತ್ರಾಂಶಕ್ಕೆ ಬೆಲೆ ಕಟ್ಟುವ ಬದಲು, ಬಳಸುವವರು ಆ ಊರಿನ ಮಕ್ಕಳಿಗೆ ಕೈಲಾದಷ್ಟು ಕೊಡಲಿ ಎಂದು ಕೇಳಿಕೊಂಡರು. ಇದನ್ನು ಹೇಳಿದಾಗ ಮಕ್ಕಳು ಪರದೆಯನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಇಷ್ಟು ದೊಡ್ಡ ಉಪಕರಣವನ್ನು ಒಬ್ಬ ಮನುಷ್ಯ ಮುಂದೆ ನಿಂತು ಬೆಳೆಸಿದ, ನಾವೂ ಬರೆಯಬಹುದು ಎಂಬ ಧೈರ್ಯ ಹುಟ್ಟುತ್ತದೆ.

ವಿಮ್ ಜತೆಗೇ ಬರುವ ಪಾಠವೊಂದಿದೆ, ವಿಮ್‌ಟ್ಯೂಟರ್ ಎಂದು ಹೆಸರು. ಏಳು ಪಾಠಗಳ ಸಾದಾ ಪಠ್ಯ ಕಡತ. ಆಜ್ಞೆ ಕೊಟ್ಟರೆ ಅದರ ಒಂದು ಪ್ರತಿ ತೆರೆದುಕೊಳ್ಳುತ್ತದೆ; ಓದುತ್ತ, ಅದರಲ್ಲೇ ಇರುವ ತಪ್ಪು ಸಾಲುಗಳನ್ನು ತಿದ್ದುತ್ತ ಹೋಗಬೇಕು. ಎಷ್ಟು ಕೆಡಿಸಿದರೂ ಮೂಲ ಕಡತಕ್ಕೆ ಏನೂ ಆಗುವುದಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎನ್ನುವುದು ಇಂಗ್ಲಿಷ್ ಸಲೀಸಾಗಿ ಓದುವವರ ಲೆಕ್ಕ. ಈ ಪಾಠ ಜಪಾನಿ, ಕೊರಿಯನ್, ವಿಯೆಟ್ನಾಮಿ, ಗ್ರೀಕ್, ಎಸ್ಪೆರಾಂಟೊ ಭಾಷೆಗಳಲ್ಲೆಲ್ಲ ಇದೆ. ನನ್ನ ಯಂತ್ರದಲ್ಲಿರುವ ವಿಮ್‌ನಲ್ಲಿ ಕನ್ನಡದ್ದಿಲ್ಲ. ಕನ್ನಡದಲ್ಲಿ ಬೇಕು ಎಂದರೆ ಸಾಲಿಗೆ ಸಾಲು ಅನುವಾದಿಸಿದರೆ ಮುಗಿಯಿತು ಎಂದು ತೋರಬಹುದು. ಹಾಗಲ್ಲ. ಕನ್ನಡದ ಅಕ್ಷರವನ್ನು ಎಡಿಟರ್ ಎಣಿಸುವ ಬಗೆಯೇ ಬೇರೆ, ಕನ್ನಡದ ವಾಕ್ಯವನ್ನು ನಾವು ತಿದ್ದುವ ಬಗೆಯೂ ಬೇರೆ.

ಶಕ್ತಿ ಎಂಬ ಪದ ತೆಗೆದುಕೊಳ್ಳಿ. ಒಂದನೇ ತರಗತಿಯ ಮಗು ಇದರಲ್ಲಿ ಎರಡು ಅಕ್ಷರ ಎನ್ನುತ್ತದೆ. ಯೂನಿಕೋಡ್ ಇದನ್ನು ಐದು ಸಂಕೇತಗಳಾಗಿ ಇಡುತ್ತದೆ: ಶ, ಕ, ಅರ್ಧಾಕ್ಷರದ ಚಿಹ್ನೆ, ತ, ಗುಡಿಸು. ವಿಮ್ ಎಣಿಸುವುದು ಮೂರು: ಶ, ಅರ್ಧ ಕಕಾರ, ತಿ. ಸ್ವರಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಅದು ಹಿಂದಿನ ವ್ಯಂಜನಕ್ಕೆ ಅಂಟಿಸಿ ನೋಡುತ್ತದೆ, ಒತ್ತಕ್ಷರವನ್ನು ಮಾತ್ರ ಬೇರೆಯಾಗಿ ಎಣಿಸುತ್ತದೆ. ಟ್ಯೂಟರ್‌ನ ಮೊದಲ ಪಾಠದಲ್ಲಿ, ಹಸು ಚಂದ್ರನ ಮೇಲೆ ಹಾರುವ ಇಂಗ್ಲಿಷ್ ಶಿಶುಗೀತೆಯ ಸಾಲಿಗೆ ಅಲ್ಲಲ್ಲಿ ಹೆಚ್ಚುವರಿ ಅಕ್ಷರ ಸೇರಿಸಿ, ಎಕ್ಸ್ ಒತ್ತಿ ಅಳಿಸಿ ಎಂದಿದೆ. ಕನ್ನಡದಲ್ಲಿ ತಿ ಮೇಲೆ ನಿಂತು ಎಕ್ಸ್ ಒತ್ತಿದರೆ ಗುಡಿಸಿನ ಜತೆ ತಕಾರವೂ ಹೋಗುತ್ತದೆ. ಗುಡಿಸೊಂದೇ ಹೋಗಬೇಕಿದ್ದರೆ ಸೆಟ್ ಡೆಲ್‌ಕಂಬೈನ್ ಎಂಬ ಸಾಲು ಬೇಕು. ಅರಬಿ, ಹೀಬ್ರೂ ಬರೆಯುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಸೆಟ್ಟಿಂಗ್ ಇದು, ಕನ್ನಡಕ್ಕೆ ಚೆನ್ನಾಗಿ ಒದಗುತ್ತದೆ. ಇಂಗ್ಲಿಷ್ ಪಾಠದಲ್ಲಿ ಇದರ ಸುಳಿವಿಲ್ಲ. ಕನ್ನಡದ ಮೊದಲ ಪಾಠದಲ್ಲೇ ಇದು ಬರಬೇಕು, ಇಲ್ಲದಿದ್ದರೆ ಕಲಿಯುವವಳು ತನ್ನ ಭಾಷೆಗೇ ಏನೋ ದೋಷವಿದೆ ಎಂದುಕೊಳ್ಳುತ್ತಾಳೆ.

ಇನ್ನೊಂದು ಕಾಟ 200ಸಿ ಎಂಬ ಸಂಖ್ಯೆಯದು. ಸಾಫ್ಟ್‌ವೇರ್ ಎಂದು ಬರೆಯುವಾಗ ಟಕಾರಕ್ಕೆ ವಕಾರ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡುತ್ತೇವೆ. ನನ್ನ ವಿಮ್ ಅದನ್ನು ಕೋನಾಕಾರದ ಆವರಣದಲ್ಲಿ 200ಸಿ ಎಂದು ಎತ್ತಿ ತೋರಿಸುತ್ತದೆ. ಪದದಿಂದ ಪದಕ್ಕೆ ಜಿಗಿಸುವ ಡಬ್ಲ್ಯೂ ಆಜ್ಞೆ ಕೊಟ್ಟರೆ ಅಲ್ಲೂ ನಿಲ್ಲುತ್ತದೆ, ಅದು ವಿರಾಮಚಿಹ್ನೆ ಎಂಬಂತೆ. ಅನೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಕಾಣುವುದೂ ಉಂಟು, ಏಕೆಂದರೆ ಟರ್ಮಿನಲ್ ಪರದೆಯನ್ನು ಸಮನಾದ ಚೌಕಗಳಾಗಿ ಹಂಚಿ ಚೌಕಕ್ಕೊಂದು ಅಕ್ಷರ ಕೂರಿಸುತ್ತದೆ. ಕಡತದಲ್ಲಿ ಬರಹ ಸರಿಯಾಗಿಯೇ ಇರುತ್ತದೆ, ತೋರುವುದು ಮಾತ್ರ ಹರಕು. ಈಮ್ಯಾಕ್ಸ್ ಎಂಬ ಇನ್ನೊಂದು ಹಳೆಯ ಎಡಿಟರಿನ ಕಿಟಕಿಯಲ್ಲಿ ಕನ್ನಡ ಚೆನ್ನಾಗಿ ಕೂಡಿ ಕಾಣುತ್ತದೆ. ಲೋಕದ ಭಾಷೆಗಳಲ್ಲಿ ವಂದನೆ ಹೇಳುವ ಅದರ ಕಡತದಲ್ಲಿ ನಮ್ಮ ನಮಸ್ಕಾರವೂ ಇದೆ. ಟರ್ಮಿನಲ್‌ಗಳು ಇದನ್ನು ಕಲಿಯಬೇಕಾದರೆ ಕನ್ನಡ ಬಲ್ಲ ಎಂಜಿನಿಯರ್‌ಗಳು ಆ ಕೆಲಸಕ್ಕೆ ಕೈ ಹಾಕಬೇಕು.

ಇನ್ನು ಟೈಪ್ ಮಾಡುವ ವಿಷಯ. ಇಡೀ ಯಂತ್ರದ ಕೀಲಿಮಣೆಯನ್ನು ಕನ್ನಡಕ್ಕೆ ಬದಲಿಸಿಕೊಂಡರೆ, ಎಸ್ಕೇಪ್ ಒತ್ತಿ ಆಜ್ಞೆ ಕೊಡಲು ಹೋದಾಗ ಡಿ ಬದಲು ದಕಾರ ಬಿದ್ದು ಎಡಿಟರಿಗೆ ಏನೂ ತಿಳಿಯುವುದಿಲ್ಲ. ಹುಡುಗರು ಕನ್ನಡ ಬಿಟ್ಟುಬಿಡುವುದು ಇಲ್ಲಿಯೇ. ಪರಿಹಾರ ವಿಮ್‌ನೊಳಗೇ ಇದೆ. ಕೀಮ್ಯಾಪ್ ಎಂಬ ಪುಟ್ಟ ಕಡತದಲ್ಲಿ ಎಡಕ್ಕೆ ಕೀಲಿ, ಬಲಕ್ಕೆ ಅಕ್ಷರ ಎಂದು ಎರಡು ಕಾಲಮ್‌ಗಳ ಪಟ್ಟಿ ಬರೆದಿಟ್ಟು, ಅದನ್ನು ಬಳಸುವಂತೆ ವಿಮ್‌ಗೆ ತಿಳಿಸಿದರೆ ಸಾಕು. ಬರೆಯುವ ಮೋಡ್‌ನಲ್ಲಿ ಕನ್ನಡ, ಆಜ್ಞೆಯ ಮೋಡ್‌ನಲ್ಲಿ ತಾನಾಗಿ ಇಂಗ್ಲಿಷ್. ನಾನು ಮಕ್ಕಳಿಂದ ಈ ಪಟ್ಟಿಯನ್ನು ಕೈಯಾರೆ ಬರೆಸುತ್ತೇನೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬೆರಳಿಗೆ ಗೊತ್ತು: ಕೆ ಒತ್ತಿದರೆ ಕ, ಎಫ್ ಒತ್ತಿದರೆ ಅರ್ಧಾಕ್ಷರ. ಅದನ್ನೇ ಪಟ್ಟಿಯಾಗಿಸುವುದರಲ್ಲಿ ಯೂನಿಕೋಡ್, ಕೀಲಿಮಣೆ, ಎಡಿಟರ್ ಮೂರೂ ಒಟ್ಟಿಗೆ ಅರ್ಥವಾಗುತ್ತವೆ. ಎಲ್ಲಿಂದಲೋ ಇಳಿಸಿಕೊಂಡ ಮುನ್ನೂರು ಸಾಲಿನ ಸೆಟ್ಟಿಂಗ್ ಕಡತವನ್ನು ಯಾರಿಗೂ ಕೊಡುವವಳಲ್ಲ ನಾನು. ತನಗೆ ಅರ್ಥವಾಗದ ಒಂದು ಸಾಲೂ ಆ ಕಡತದಲ್ಲಿ ಇರಬಾರದು.

ವಾಕ್ಯಗಳ ವಿಷಯಕ್ಕೆ ಬಂದರೆ, ಎರಡನೇ ಪಾಠ ಬೇಡದ ಪದಗಳನ್ನು ಡಿ ಡಬ್ಲ್ಯೂ ಕೊಟ್ಟು ಕಿತ್ತುಹಾಕುವುದನ್ನು ಹೇಳಿಕೊಡುತ್ತದೆ. ಇಂಗ್ಲಿಷಿನಲ್ಲಿ ಸಂಬಂಧ ಹೇಳುವ ಪದಗಳು ಬಿಡಿಯಾಗಿ ನಿಲ್ಲುವುದರಿಂದ ಅದು ಅಲ್ಲಿಗೆ ಸರಿ. ಕನ್ನಡದಲ್ಲಿ ವಿಭಕ್ತಿ ಪದಕ್ಕೆ ಅಂಟಿರುತ್ತದೆ. ಮನೆಯಿಂದ ಎಂಬುದನ್ನು ಮನೆಯಲ್ಲಿ ಎಂದು ತಿದ್ದುವುದು, ಬಂದನು ಎಂಬುದನ್ನು ಬಂದಳು ಮಾಡುವುದು ನಮ್ಮ ನಿತ್ಯದ ತಿದ್ದುಪಡಿ. ಆದ್ದರಿಂದ ಪದದ ನಡುವೆ ನಿಂತು ಕೊನೆಯವರೆಗೆ ಬದಲಿಸುವ ಸಿ ಇ ಆಜ್ಞೆ ಕನ್ನಡದವರಿಗೆ ಮೂರನೇ ಪಾಠದವರೆಗೆ ಕಾಯಬಾರದು. ಹಾಗೆಯೇ ವಿಮ್‌ನಲ್ಲಿ ಕ್ರಿಯೆ ಮೊದಲು, ಯಾವುದರ ಮೇಲೆ ಎಂಬುದು ಆಮೇಲೆ. ನಾವು ಆಡುವುದು ಈ ಪದ ಅಳಿಸು, ಈ ಸಾಲು ಎತ್ತು ಎಂದು. ವಿ ಒತ್ತಿ ಮೊದಲು ಭಾಗವನ್ನು ಗುರುತಿಸಿ, ಆಮೇಲೆ ಕ್ರಿಯೆ ಕೊಡುವ ವಿಶುವಲ್ ಮೋಡ್ ಇದಕ್ಕೆ ಹೊಂದುತ್ತದೆ. ಮೂಲದಲ್ಲಿ ಅದು ಐದನೇ ಪಾಠದಲ್ಲಿದೆ. ಕನ್ನಡದ ಮಕ್ಕಳಿಗೆ ಅದನ್ನು ಮುಂದಕ್ಕೆ ತಂದಾಗ ಕೈ ಬೇಗ ಪಳಗುವುದನ್ನು ನಾನು ಕಂಡಿದ್ದೇನೆ.

ಇಂಗ್ಲಿಷ್ ಇಲ್ಲದೆ ಈ ವೃತ್ತಿಯಲ್ಲಿ ಬದುಕಲಾಗದು, ಕನ್ನಡದಲ್ಲಿ ಕಲಿಸಿ ಏನು ಸಾಧಿಸುತ್ತೀರಿ ಎಂದು ಕೇಳುವ ಹಿರಿಯರಿದ್ದಾರೆ. ಇಂಗ್ಲಿಷ್ ಬೇಕು, ನಿಜ. ಆದರೆ ಎರಡು ಹೊಸ ಸಂಗತಿಗಳನ್ನು ಒಂದೇ ಸಲ ತಲೆಗೆ ಹೊರಿಸಿದರೆ ಮಗು ಎರಡನ್ನೂ ಕೆಳಗಿಡುತ್ತದೆ. ಮೋಡ್ ಎಂದರೇನು ಎಂಬುದು ತನ್ನ ಭಾಷೆಯಲ್ಲಿ ಒಮ್ಮೆ ಹೊಳೆದರೆ ಇಂಗ್ಲಿಷ್ ಸಹಾಯ ಕಡತವನ್ನು ಅದೇ ಮಗು ತಾನಾಗಿ ತೆರೆಯುತ್ತದೆ. ಕೃತಕ ಬುದ್ಧಿಮತ್ತೆಯೇ ಕೋಡ್ ಬರೆದುಕೊಡುವ ಕಾಲದಲ್ಲಿ ಎಡಿಟರ್ ಯಾಕೆ ಎನ್ನುವವರಿಗೆ ಹೇಳುವುದಿಷ್ಟೇ: ಆ ಉಪಕರಣಗಳಲ್ಲಿ ಹಲವು ಈಗ ಟರ್ಮಿನಲ್‌ನಲ್ಲೇ ಓಡುತ್ತವೆ, ಅವು ಬರೆದದ್ದನ್ನು ಸಾಲು ಸಾಲಾಗಿ ಓದಿ ತಿದ್ದಬೇಕಾದವರು ಮನುಷ್ಯರು.

ವಿಮ್‌ನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಬ್ರಾಮ್ ನಂತರ ಕ್ರಿಶ್ಚಿಯನ್ ಬ್ರಬಾಂಟ್ ಮತ್ತು ಜತೆಗಾರರು ಅದನ್ನು ನಡೆಸುತ್ತಿದ್ದಾರೆ, ಅನುವಾದಗಳನ್ನು ಸ್ವೀಕರಿಸುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇಂಥ ಕೆಲಸವನ್ನು ವಿದ್ಯಾರ್ಥಿಗಳ ಕಿರು ಯೋಜನೆಯೆಂದು ಒಪ್ಪಿದರೆ ಕನ್ನಡದ ಟ್ಯೂಟರ್ ಬೇಗ ಸಿದ್ಧವಾದೀತು. ನನ್ನ ಮನೆಗೆ ಬರುವ ಹುಡುಗ ಹುಡುಗಿಯರು ಮೊದಲ ಎರಡು ಪಾಠಗಳ ಕರಡು ಬರೆದಿದ್ದಾರೆ. ಹಸು, ಚಂದ್ರನ ಜಾಗದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಬಂದಿದೆ, ತಿದ್ದಬೇಕಾದ ಪದಗಳಲ್ಲಿ ದೀರ್ಘ, ಒತ್ತು ಎಲ್ಲವೂ ಇವೆ. ಮೂರನೇ ಪಾಠ ಅರ್ಧಕ್ಕೆ ನಿಂತಿದೆ, ಯಾಕೆಂದರೆ ಮುಂದೆ ಹೋಗುವ ಮೊದಲು ಇವೆರಡನ್ನು ವಿಮ್ ಎಂದೂ ಮುಟ್ಟದ, ಕನ್ನಡ ಚೆನ್ನಾಗಿ ಓದುವ ಯಾರಾದರೂ ಕೂತು ಮಾಡಿ ನೋಡಬೇಕು. ಹಳಿಯಾಳ, ದಾಂಡೇಲಿ ಸುತ್ತಿನ ಶಾಲಾ ಶಿಕ್ಷಕರಲ್ಲಿ ಅಂಥವರನ್ನು ಹುಡುಕುತ್ತಿದ್ದೇವೆ.