ಹೊಸ ಆ್ಯಪ್ ಆಮೇಲೆ, ಮೊದಲು ಇರೋ ನಂಬರಿಗೆ ಫೋನ್ ಹಚ್ಚೋಣ

ಮಿನಿ ಪ್ರಾಜೆಕ್ಟ್ ಟೈಮ್ ಬಂತಂದ್ರೆ ನಾಲ್ಕು ಟೀಮಲ್ಲಿ ಒಂದಾದ್ರೂ 'ರೈತರಿಗಾಗಿ ಆ್ಯಪ್' ಅಂತ ಹೊರಡುತ್ತೆ. ಮಾರ್ಕ್ಸ್ ಬರುತ್ತೆ, ಆ್ಯಪ್ ಲ್ಯಾಪ್‌ಟಾಪಲ್ಲೇ ಉಳಿಯುತ್ತೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯಿಂದ ಬಂದಿರೋ ನಮ್ಮದೊಂದು ಪ್ರಶ್ನೆ: ಸರ್ಕಾರ ಆಗಲೇ ಪುಕ್ಕಟೆ ಕೊಟ್ಟಿರೋದನ್ನ ನಮ್ಮ ಮನೆಗಳಲ್ಲಿ ಎಷ್ಟು ಬಳಸ್ತೀವಿ?

ನಮ್ಮ ಕಡೆ ಬೆಳೆಗೆ ರೋಗ ಬಂದರೆ ಮೊದಲು ಹೋಗೋದು ಗೊಬ್ಬರದ ಅಂಗಡಿಗೆ. ಔಷಧಿ ಹೇಳೋರೂ ಅವರೇ, ಮಾರೋರೂ ಅವರೇ, ಉದ್ರಿ ಕೊಡೋರೂ ಅವರೇ. ಮೆಣಸಿನ ಗಿಡದ ಎಲೆ ಮುಟುರು ರೋಗವನ್ನೇ ತಗೊಳ್ಳಿ. ಎಲೆ ಮೇಲಕ್ಕೆ ಮುದುಡಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿ, ಕೆಳಕ್ಕೆ ಮುದುಡಿದ್ದರೆ ಮೈಟ್ ನುಸಿ. ಒಂದರ ಔಷಧಿ ಇನ್ನೊಂದಕ್ಕೆ ಹೊಡೆದರೆ ದುಡ್ಡೂ ಹೋಯ್ತು, ನುಸಿಯೂ ಉಳೀತು. ಅದಕ್ಕೇ ಮಾರಾಟದ ಲಾಭ ಇಲ್ಲದವರನ್ನ ಒಂದ್ಸಲ ಕೇಳಬೇಕು.

2004ರಿಂದ ಕಿಸಾನ್ ಕಾಲ್ ಸೆಂಟರ್ ಇದೆ: 1800-180-1551. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡಬಹುದು. ಫೋನಲ್ಲಿ ಬಗೆಹರಿಯದಿದ್ದರೆ ಗಿಡ ಕಿತ್ಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಬಹುದು.

ಇನ್ನು ರೇಟು. ಬ್ಯಾಡಗಿ ಪ್ಯಾಟಿಯಲ್ಲಿ ಯಾರದೋ ಡಬ್ಬಿ ಮೆಣಸಿನಕಾಯಿಗೆ ಭಾರಿ ರೇಟು ಸಿಕ್ತು ಅಂದ್ರೆ ಊರ ತುಂಬ ಅದೇ ಸುದ್ದಿ. ಆಗ್‌ಮಾರ್ಕ್‌ನೆಟ್‌ನಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ ಅಂತ ಮೂರು ರೇಟು ಇರುತ್ತೆ. ಮೋಡಲ್ ಅಂದ್ರೆ ನಾವು ಹತ್ತನೇ ಕ್ಲಾಸಲ್ಲಿ ಲೆಕ್ಕ ಹಾಕಿದ ಅದೇ ಮೋಡ್, ಹೆಚ್ಚು ಮಾಲು ಮಾರಿಹೋದ ರೇಟು. ಬಾಡಿಗೆ ಗಾಡಿಗೆ ಚೀಲ ಹೇರೋ ಮುಂಚೆ ನೋಡಬೇಕಾದ್ದು ಇದನ್ನ.

ಇದರಿಂದ ರೇಟು ಏರಲ್ಲ, ನಿಜ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ರೇಟು ಕುಸಿದಾಗ ಸಿಟ್ಟು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚೋವರೆಗೆ ಹೋಯ್ತು. ಆ ಸಂಕಟಕ್ಕೆ ಒಂದು ಫೋನ್ ನಂಬರ್ ಮದ್ದಲ್ಲ. ಆದರೆ ರೇಟು ನಮ್ಮ ಕೈಲಿಲ್ಲ, ಖರ್ಚು ಅಷ್ಟಿಷ್ಟಾದ್ರೂ ನಮ್ಮ ಕೈಲಿದೆ. ಬೇಡದ ಒಂದು ಸ್ಪ್ರೇ ತಪ್ಪಿದರೂ ಅದು ಮನೆಯಲ್ಲೇ ಉಳಿಯೋ ದುಡ್ಡು. ನಮ್ಮಲ್ಲಿ ಎಷ್ಟೋ ಜನರ ಫೀಸು ಬರೋದು ಅಲ್ಲಿಂದಲೇ.

ಈ ಸಲ ಊರಿಗೆ ಹೋದಾಗ ಅಪ್ಪನ ಫೋನಲ್ಲಿ ಆ ನಂಬರನ್ನ 'ಬೆಳೆ ಡಾಕ್ಟರ್' ಅಂತ ಸೇವ್ ಮಾಡೋಣ. ಪಕ್ಕದಲ್ಲೇ ಕೂತು ಮೊದಲ ಫೋನ್ ಹಚ್ಚಿ ಕೊಡೋಣ. ಎಲ್ಲಿ ಅರ್ಥ ಆಗಲಿಲ್ಲ, ಎಲ್ಲಿ ಅಪ್ಪ ಬೇಸತ್ತು ಕಟ್ ಮಾಡಿದರು, ಬರ್ಕೊಳ್ಳೋಣ. ಮುಂದಿನ ಸೆಮಿಸ್ಟರಿನ ಪ್ರಾಜೆಕ್ಟು ಅಲ್ಲಿಂದ ಶುರುವಾಗಲಿ.